ಅವ್ವನ ಮುಖ ತೆರೆದವಳು ನಾನೇ

ಅವ್ವನ ಮುಖದ ಮೇಲಿನ ಬಟ್ಟೆ ಸರಿಸಿದವಳು ನಾನೇ. ಪೊಲೀಸರು ಬರೆದುಕೊಂಡ ನಾಲ್ಕು ಪುಟಗಳಲ್ಲಿ ನಿಜವಾದ ಸಾಲು ಇದೊಂದೇ. ಉಳಿದದ್ದೆಲ್ಲ ಸುಳ್ಳು. ನನ್ನ ತಮ್ಮ ದಿಗಂಬರ ಹೆಣವನ್ನು ಬೇಕೆಂದೇ ರಸ್ತೆಗೆ ಕೆಡವಿದ ಎಂದು ಬರೆದಿದ್ದಾರೆ. ನಾವು ಹನ್ನೊಂದು ಜನ ಸೇರಿ ಸತ್ತವಳಿಗೆ ಅವಮಾನ ಮಾಡಿದೆವು ಎಂದು ಬರೆದಿದ್ದಾರೆ. ಸತ್ತವಳು ಯಾರು? ನಮ್ಮವ್ವ, ಕಾಂತಾಬಾಯಿ. ಅವಳ ಹೆಸರನ್ನೂ ನೆಟ್ಟಗೆ ಬರೆದಿಲ್ಲ. ಕಾಂಚನಬಾಯಿ ಮಾಡಿದ್ದಾರೆ.

ನಮ್ಮಲ್ಲಿ ಹೆಣದ ಮುಖ ಒಮ್ಮೆ ಮಾತ್ರ ತೆರೆಯುತ್ತಾರೆ. ಮನೆಯಲ್ಲಿ ಮೈ ತೊಳೆದು ಬಟ್ಟೆ ಸುತ್ತಿದರೆ ಮುಗಿಯಿತು, ದಾರಿಯಲ್ಲಿ ಯಾರು ಬಂದು ಎದೆ ಬಡಿದುಕೊಂಡರೂ ತೆರೆಯುವುದಿಲ್ಲ. ಕುಣಿಯ ದಂಡೆಗೆ ಹೋದ ಮೇಲೆ ಮಗಳು ಬಟ್ಟೆ ಸರಿಸಬೇಕು. ಬಾಯಿಗೆ ಮೂರು ಹನಿ ನೀರು ಬಿಡಬೇಕು. ಹತ್ತಿರದವರು ಮುಖ ನೋಡಬೇಕು. ಮತ್ತೆ ಮುಚ್ಚಿ ಮಣ್ಣಿಗೆ ಇಳಿಸಬೇಕು. ನಾನು ಅದನ್ನು ಉಮರ್ಗಾದ ಹೆದ್ದಾರಿಯ ಮೇಲೆ, ಬಸ್ಸಿನ ಕಿಟಕಿಯಿಂದ ಇಣುಕುವವರ ಎದುರಿಗೆ ಮಾಡಿದೆ. ಒಬ್ಬ ಹೇಳಿದ, ಮಾಡಿದೆ. ಅವನನ್ನು ನಾನು ತಮ್ಮಾ ಎಂದು ಕರೆಯುತ್ತಿದ್ದೆ.

ಅವನ ಹೆಸರು ಋಷಿಕೇಶ. ಉದಗೀರದವನು. ಪುಣೆಯಲ್ಲಿ ಫೋಟೋ ತೆಗೆಯುವುದನ್ನು ಓದಿ ಬಂದಿದ್ದ. ಮನೆಯಲ್ಲಿ ಕನ್ನಡ, ಹೊರಗೆ ಮರಾಠಿ, ಕ್ಯಾಮೆರಾದವರ ಜೊತೆ ಇಂಗ್ಲಿಷ್. ತಾನು ಮೇಲಿನ ಜಾತಿಯವನು, ಹೊಲಮನೆ ಇದ್ದವನು ಎಂದು ಅವನೇ ಮೊದಲ ದಿನ ಹೇಳಿದ, ತಪ್ಪು ಒಪ್ಪಿಕೊಳ್ಳುವವನ ಹಾಗೆ ತಲೆ ತಗ್ಗಿಸಿ. ಎಲ್ಲೆಲ್ಲಿ ನಮ್ಮ ಜನ ರಸ್ತೆಗಿಳಿಯುತ್ತಾರೋ ಅಲ್ಲೆಲ್ಲ ಹೋಗಿ ಫೋಟೋ ತೆಗೆಯುವುದೇ ಅವನ ಕೆಲಸವಂತೆ. ಮೂರು ವರ್ಷ ನಮ್ಮ ಓಣಿಗೆ ಬಂದ.

"ನನಗ ಸರ್ ಅನಬ್ಯಾಡ್ರಿ ಅಕ್ಕಾ. ತಮ್ಮಾ ಅನ್ರಿ. ನೀ ಅಂತ ಮಾತಾಡ್ರಿ."

ನಮ್ಮ ಮನೆಯ ರೊಟ್ಟಿ, ಪುಂಡಿಪಲ್ಯ ತಿಂದ. ನಮ್ಮ ಕೊಡದ ನೀರು ಕುಡಿದ. ಆ ದಿನ ಅವ್ವ ಓಣಿಯ ತುಂಬ ಹೇಳಿಕೊಂಡು ಬಂದಳು. ಇಷ್ಟಕ್ಕೇ ನಾವು ಮಾರುಹೋಗುತ್ತೇವೆ. ಒಂದು ತಂಬಿಗೆ ನೀರು ಕುಡಿದವನಿಗೆ ಮನೆಯ ಕೀಲಿಕೈ ಕೊಡುವ ಜನ ನಾವು.

ಒಂದು ಸಲ ಅವನು ಮೊಬೈಲಿನಲ್ಲಿ ಅಮೆರಿಕದ ಫೋಟೋಗಳನ್ನು ತೋರಿಸಿದ. ರಸ್ತೆ ತುಂಬ ಕರಿಯ ಜನ. ಒಬ್ಬ ಮುದುಕಿ ಪೊಲೀಸರ ಸಾಲಿನ ಮುಂದೆ ಬೆರಳು ತೋರಿಸುತ್ತ ನಿಂತಿದ್ದಳು. ಹಲ್ಲಿಲ್ಲದ ಅವಳ ಗಲ್ಲ ನಮ್ಮವ್ವನ ಗಲ್ಲದಂತೆಯೇ ಒಳಗೆ ಹೋಗಿತ್ತು.

"ಇವರೂ ನಿಮ್ಮಂಗ ಅಕ್ಕಾ. ಇವರಿಗಿ ಬಣ್ಣಾ ನೋಡಿ ದೂರ ಇಟ್ಟಾರ. ಯಾರೋ ಒಬ್ರು ಫೋಟೋ ತೆಗದ್ರು, ಜಗತ್ತೆಲ್ಲಾ ಎದ್ದು ನಿಂತದ. ಫೋಟೋ ಸುಳ್ಳು ಹೇಳಂಗಿಲ್ಲ."

ಅವ್ವ ಆ ಮುದುಕಿಯನ್ನು ಬಹಳ ಹೊತ್ತು ನೋಡಿದಳು. "ಆಕಿಗಿ ಮಕ್ಕಳು ಎಷ್ಟ ಅದಾವೋ ಏನೋ" ಎಂದಳು.

ನಮ್ಮೂರು ಮುರುಮದ ಕಡೆ, ಗಡಿಗೆ ಹತ್ತಿರ, ಮರಾಠಿ ಸೀಮೆಯ ಒಳಗೆ. ಊರಿನ ಹೆಣಗಳಿಗೆ ಕುಣಿ ತೋಡುವುದು ನಮ್ಮ ಮನೆತನದ ಕೆಲಸ. ನನ್ನ ಗಂಡ ಪಂಡಿತ ಗುದ್ದಲಿ ಹಿಡಿಯುತ್ತಾನೆ, ದಿಗಂಬರ ಅಗೆಯುತ್ತಾನೆ, ನಾನು ಬುಟ್ಟಿಯಲ್ಲಿ ಮಣ್ಣು ಹೊತ್ತು ಮೇಲೆ ಹಾಕುತ್ತೇನೆ. ಊರಿನ ದೊಡ್ಡ ಹೊಲದವರಾದ ಪಾಟೀಲರ ಜಾತಿಯಲ್ಲಿ ಹೆಣವನ್ನು ಕೂರಿಸಿ ಹೂಳುತ್ತಾರೆ. ಆ ಕುಣಿಯ ಕೆಲಸ ಹೆಚ್ಚು. ಮೂರು ಮೆಟ್ಟಿಲು ಕಡಿಯಬೇಕು, ಒಳಗೆ ಗೂಡು ಕೊರೆಯಬೇಕು. ಎರೆಮಣ್ಣು ಮಳೆಗಾಲದಲ್ಲಿ ಗುದ್ದಲಿ ಬಿಡುವುದಿಲ್ಲ, ಬೇಸಿಗೆಯಲ್ಲಿ ಗುದ್ದಲಿಯನ್ನು ಒಳಗೆ ಬಿಡುವುದಿಲ್ಲ. ಬುಟ್ಟಿಯಿಂದ ಸೋರಿದ ಕೆಸರು ಕೂದಲಲ್ಲಿ ಇಳಿದು ಬೆನ್ನಿನ ಮೇಲೆ ಒಣಗುತ್ತದೆ. ಕೆಲಸ ಮುಗಿದ ಮೇಲೆ ನಮ್ಮನ್ನು ಮೇಲೆ ಹತ್ತಿಸಿ, ನಾವು ಮುಟ್ಟಿದ ಕುಣಿಗೆ ಗೋಮೂತ್ರ ಚಿಮುಕಿಸುತ್ತಾರೆ. ತೋಡುವಾಗ ನಮ್ಮ ಕೈ ಬೇಕು, ತೋಡಿದ ಮೇಲೆ ನಮ್ಮ ಕೈಯದೇ ಮೈಲಿಗೆ. ಶಿವರಾಯ ಪಾಟೀಲನ ಅಜ್ಜ, ಅಪ್ಪ, ಅಣ್ಣ, ಮೂವರೂ ಕೂತಿರುವುದು ನಾವು ತೋಡಿದ ಕುಣಿಯಲ್ಲೇ.

ನಮ್ಮ ಹೆಣಗಳಿಗೆ ಹಳ್ಳದ ದಂಡೆಯಲ್ಲಿ ಒಂದಿಷ್ಟು ಜಾಗ ಇತ್ತು. ನಮ್ಮಪ್ಪ ಅಲ್ಲಿದ್ದಾನೆ, ನನ್ನ ಮೊದಲ ಕೂಸು ಅಲ್ಲಿದೆ. ಹೋದ ವರ್ಷ ಶಿವರಾಯ ಪಾಟೀಲ ಅದರ ಮೇಲೆ ಟ್ರ್ಯಾಕ್ಟರ್ ಓಡಿಸಿ ಕಬ್ಬು ನಾಟಿ ಮಾಡಿದ. ಸುತ್ತ ಮುಳ್ಳುತಂತಿ ಹಾಕಿದ. ನಾವು ಅರ್ಜಿ ಕೊಟ್ಟೆವು. ಅದು ಯಾವ ಕಚೇರಿಯ ಯಾವ ಮೇಜಿನ ಮೇಲೆ ಕೂತಿದೆಯೋ ಇವತ್ತಿಗೂ ಗೊತ್ತಿಲ್ಲ.

ಶ್ರಾವಣದಲ್ಲಿ ಅವ್ವ ಸತ್ತಳು. ಬಿದಿರಿನ ಸಿದಿಗೆ ಕಟ್ಟಿ ಹೊತ್ತುಕೊಂಡು ಹೋದೆವು. ತಂತಿಯ ಆಚೆ ಪಾಟೀಲನ ಆಳುಗಳು ಬಡಿಗೆ ಹಿಡಿದು ನಿಂತಿದ್ದರು. ಮಳೆಯಲ್ಲಿ ಎರಡು ತಾಸು ನಿಂತೆವು. ಕೊನೆಗೆ ದಿಗಂಬರ ಹೇಳಿದ, "ನಡೀರಿ, ಉಮರ್ಗಾಕ್ಕ ಒಯ್ಯೂಣು. ಸರ್ಕಾರದವರೇ ಕುಣಿ ತೋರಸ್ಲಿ." ಅವ್ವನನ್ನು ಟೆಂಪೋದಲ್ಲಿ ಮಲಗಿಸಿಕೊಂಡು ಹೊರಟೆವು. ಋಷಿಕೇಶನಿಗೆ ಫೋನು ಮಾಡಿದವಳು ನಾನೇ. ನಾವು ಹೆದ್ದಾರಿ ಮುಟ್ಟುವ ಮೊದಲೇ ಅವನು ಬಂದು ನಿಂತಿದ್ದ.

ಸಿದಿಗೆಯನ್ನು ಡಾಂಬರಿನ ಮೇಲಿಟ್ಟು ಸುತ್ತ ಕುಳಿತೆವು. "ಮಣ್ಣು ಕೊಡ್ರಿ! ಮಣ್ಣು ಕೊಡ್ರಿ!" ಎಂದು ಕೂಗಿದೆವು. ಉಮರ್ಗಾದ ನಮ್ಮವರು ಬಂದು ಸೇರಿ ಮರಾಠಿಯಲ್ಲಿ "ಮಾತೀ ದ್ಯಾ" ಎಂದರು. ಎರಡರದೂ ಒಂದೇ ಅರ್ಥ. ಮಣ್ಣು ಕೊಡುವುದು ಅಂದರೆ ಹೂಳುವುದು. ಇದು ಈ ಸೀಮೆಯಲ್ಲಿ ಎಂಥವರಿಗೂ ಗೊತ್ತು. ಋಷಿಕೇಶನಿಗೂ ಗೊತ್ತು.

ಅವನು ಸುತ್ತ ಓಡಾಡಿ ಫೋಟೋ ತೆಗೆದ. ಆಮೇಲೆ ನನ್ನ ಪಕ್ಕ ಕುಕ್ಕರಗಾಲಲ್ಲಿ ಕೂತ.

"ಅಕ್ಕಾ, ಅವ್ವನ ಮಾರಿ ತೆರೀರಿ."

"ಇಲ್ಲೇನೋ ತಮ್ಮಾ? ಕುಣಿ ಮ್ಯಾಲ ತೆರೀಬೇಕಲ್ಲ."

"ಮಾರಿ ಕಾಣಲಿಲ್ಲಂದ್ರ ಇದು ಬರೇ ಒಂದು ಗಂಟು ಅಕ್ಕಾ. ಗಂಟು ನೋಡಿ ಯಾರು ಅಳ್ತಾರ? ಮಾರಿ ಕಂಡ್ರ ಕಲೆಕ್ಟರ ಎದ್ದು ಬರ್ತಾನ."

ಅವ್ವನ ತಂಗಿ ಸುಮನಬಾಯಿ ನನ್ನ ಕೈ ಹಿಡಿದಳು. "ಬ್ಯಾಡ ಕುಸುಮಾ. ದಾರ್ಯಾಗ ತೆರದ್ರ ಆಕಿ ಎಲ್ಲಿ ಹೋಗಬೇಕು?"

ಚಿಕ್ಕವ್ವನ ಕೈ ಬಿಡಿಸಿಕೊಂಡೆ. ಅಮೆರಿಕದ ಆ ಮುದುಕಿ ನನ್ನ ತಲೆಯಲ್ಲಿದ್ದಳು. ಬಟ್ಟೆ ಸರಿಸಿದೆ. ಮಳೆ ಅವ್ವನ ಮುಖದ ಮೇಲೆ ಬಿತ್ತು, ಕಣ್ಣಿನ ಗುಣಿಯಲ್ಲಿ ನೀರು ನಿಂತಿತು. ಬಸ್ಸಿನವರು ಕೈಚಾಚಿ ಮೊಬೈಲಿನಲ್ಲಿ ತೆಗೆದರು. ನನಗೆ ನಾಚಿಕೆಯಾಯಿತು. ಆದರೂ ಮುಚ್ಚಲಿಲ್ಲ.

ಹತ್ತು ನಿಮಿಷಕ್ಕೆ ಶಿವರಾಯ ಪಾಟೀಲನ ಜೀಪು ಬಂತು. ಅವನು ಇಳಿದು ನೆಟ್ಟಗೆ ಸಿದಿಗೆಯ ಹತ್ತಿರ ಬಂದ.

"ಊರ ಮರ್ಯಾದಿ ತಂದು ರಸ್ತಾದಾಗ ಇಟ್ಟೀರೇನಲೇ? ಎತ್ರಿ ಈ ಹೊಲಸ!"

ಹೇಳಿದವನೇ ಒದ್ದ. ಬಲಗಾಲಿನಿಂದ, ಸಿದಿಗೆಯ ಬಿದಿರಿನ ಗಳಕ್ಕೆ. ಸಿದಿಗೆ ವಾಲಿತು. ಅವ್ವನ ಒಂದು ಕಾಲು ಬಟ್ಟೆಯಿಂದ ಹೊರಗೆ ಬಂತು. ದಿಗಂಬರ ಹಾರಿ ಬಂದು ಎರಡೂ ಕೈಯಿಂದ ಗಳ ಹಿಡಿದ. ಆದರೂ ಅವ್ವ ಅರ್ಧ ಉರುಳಿ ಡಾಂಬರಿಗೆ ಬಿದ್ದಳು. ನಾನು ಕಿರುಚಿದೆ. ಅಷ್ಟರಲ್ಲಿ ಪೊಲೀಸರು ಲಾಠಿ ಬೀಸುತ್ತ ಒಳಗೆ ನುಗ್ಗಿದರು. ಆ ಗದ್ದಲದಲ್ಲಿ ಋಷಿಕೇಶ ನನ್ನ ಭುಜ ಮುಟ್ಟಿ ಹೇಳಿದ್ದು ಈಗಲೂ ಕಿವಿಯಲ್ಲಿದೆ. "ಒದ್ದಿದ್ದು ಸಿಕ್ಕದ ಅಕ್ಕಾ. ಎಲ್ಲಾ ಸಿಕ್ಕದ. ಚಿಂತಿ ಮಾಡಬ್ಯಾಡ್ರಿ."

ಸಂಜೆಗೆ ಪೊಲೀಸರೇ ಅವ್ವನನ್ನು ಉಮರ್ಗಾದ ಹೊರಗೆ ಎಲ್ಲೋ ಒಂದು ಬಯಲಿಗೆ ಒಯ್ದರು. ಜೆಸಿಬಿಯಿಂದ ತೋಡಿಸಿದ ಕುಣಿ. ಊರಿಗೆಲ್ಲ ಕುಣಿ ತೋಡಿದವಳಿಗೆ ಯಂತ್ರದ ಕುಣಿ. ದಂಡೆಯಲ್ಲಿ ನಾನು ಬಟ್ಟೆಗೆ ಕೈ ಹಾಕಿದೆ. ಸುಮನ ಚಿಕ್ಕವ್ವ ನನ್ನ ಕೈ ತಳ್ಳಿದಳು.

"ಒಮ್ಮೆ ತೆರದಿ ಅಲ್ಲ? ಮುಗೀತು."

ಬಾಯಿಗೆ ನೀರು ಬಿಡದೆಯೇ ಇಳಿಸಿದರು. ಚಿಕ್ಕವ್ವ ಆವತ್ತಿನಿಂದ ನನ್ನ ಜೊತೆ ಮಾತಾಡಿಲ್ಲ.

ಒಂದು ವಾರಕ್ಕೆ ದಿಗಂಬರನನ್ನು ಹಿಡಿದುಕೊಂಡು ಹೋದರು. ನಮ್ಮ ಪರವಾಗಿ ನಿಂತವಳು ಉಮರ್ಗಾ ಕೋರ್ಟಿನ ವಕೀಲೆ ಯೋಗಿತಾ. ನಮ್ಮವಳೇ, ಮರಾಠಿಯವಳು, ಕನ್ನಡ ಅರ್ಧಮರ್ಧ. ಅವಳು ಪೊಲೀಸರ ಕಾಗದದ ಜೊತೆ ಪಿನ್ನು ಚುಚ್ಚಿದ್ದ ಒಂದು ಜೆರಾಕ್ಸ್ ತೋರಿಸಿದಳು. ಪುಣೆಯ ಪೇಪರಿನಲ್ಲಿ ಬಂದ ಫೋಟೋ. ಋಷಿಕೇಶ ತೆಗೆದದ್ದು. ಜೆರಾಕ್ಸಿನಲ್ಲಿ ಅರ್ಧ ಮಸಿ. ಅವ್ವನ ಮುಖ, ನನ್ನ ತೆರೆದ ಬಾಯಿ, ದಿಗಂಬರನ ಎರಡು ಕೈ ಇಷ್ಟೇ ಕಾಣುತ್ತಿತ್ತು.

"ಬಘಾ, ನೋಡ್ರಿ ಕುಸುಮತಾಯಿ, ಕೋರ್ಟಿಗಿ ಕಾಣೂದು ಇಷ್ಟೇ. ಕೈ ದಿಗಂಬರಂದು. ಹೆಣ ಕೆಳಗ. ಅಂವನೇ ಕೆಡವ್ಯಾನ ಅಂತಾರ."

"ಪಾಟೀಲ ಒದ್ದಿದ್ದು ಬ್ಯಾರೆ ಫೋಟೋದಾಗ ಅದ ವಕೀಲಬಾಯಿ. ಋಷಿ ತೆಗದಾನ. ನನಗ ಹೇಳ್ಯಾನ."

"ತೇಚ ಪುರಾವಾ, ಅದೇ ಸಾಕ್ಷಿ. ಅದು ತರ್ರಿ. ದಿಗಂಬರ ಹೊರಗ, ಪಾಟೀಲ ಒಳಗ."

ಋಷಿಕೇಶನಿಗೆ ಫೋನು ಮಾಡಿದೆ. "ಅದೊಂದು ಸಿಗಲಿಲ್ಲ ಅಕ್ಕಾ. ಗದ್ದಲದಾಗ ಕೈ ಅಳ್ಳಾಡಿ ಮಬ್ಬ ಆಗಿತ್ತು. ಅಳಿಸಿಬಿಟ್ಟೀನಿ. ಪೇಪರಿಗಿ ಕೊಟ್ಟಿದ್ದು ಬ್ಯಾರೆ" ಎಂದ. ಅವನ ದನಿಯಲ್ಲಿ ಅಳು ಇತ್ತು. ನಾನೇ ಅವನಿಗೆ ಸಮಾಧಾನ ಹೇಳಿದೆ. ಎಂಥ ಹುಚ್ಚಿ ನಾನು.

ಆರು ತಿಂಗಳು ದಿಗಂಬರ ಜಿಲ್ಲಾ ಜೈಲಿನಲ್ಲೇ ಕೊಳೆತ. ಜಾಮೀನು ಎರಡು ಸಲ ಸಿಗಲಿಲ್ಲ. ಮೂರನೆಯ ಅರ್ಜಿಯ ತಾರೀಖು ಗುರುವಾರ. ಅದರ ಹಿಂದಿನ ಸೋಮವಾರ ಉದಗೀರದಿಂದ ಕಾರು ಬಂತು. ಅಲ್ಲಿನ ಒಂದು ಕಾಲೇಜಿನಲ್ಲಿ ಋಷಿಕೇಶನ ಫೋಟೋ ಪ್ರದರ್ಶನ. ನನಗೆ ಸತ್ಕಾರವಂತೆ. ಸತ್ಕಾರ ಯಾರಿಗೆ ಬೇಕು? ಆದರೆ ಅವನು ಕೋರ್ಟಿಗೆ ಬಂದು, ನಾನು ಕಣ್ಣಾರೆ ಕಂಡೆ ಎಂದು ಬಾಯಿಮಾತಿನಲ್ಲಾದರೂ ಹೇಳಲಿ ಎಂದು ಕೇಳಿಕೊಳ್ಳುವುದಿತ್ತು. ಪಂಡಿತ, ಯೋಗಿತಾ, ನಾನು ಹೋದೆವು. ನಿಲಂಗಾದಲ್ಲಿ ಚಹಾಕ್ಕೆ ನಿಲ್ಲಿಸಿದಾಗ ಪಂಡಿತ, "ಕೈ ಮುಗದು ಕೇಳು. ಸಿಟ್ಟಿಗಿ ಬರಬ್ಯಾಡ" ಎಂದ. ಹೂಂ ಎಂದೆ.

ಕಾಲೇಜಿನ ಹಾಲಿನ ನಡುಗೋಡೆಯ ಮೇಲೆ ನಮ್ಮ ಫೋಟೋ. ಮನೆಯ ಬಾಗಿಲಿನಷ್ಟು ದೊಡ್ಡದು, ಗಾಜು ಹಾಕಿದ್ದು. ಕೆಳಗೆ ಮರಾಠಿಯಲ್ಲಿ ಚೀಟಿ. ಯೋಗಿತಾ ಓದಿ ಹೇಳಿದಳು. 'ಮಾತೀ. ಬರದ ನಾಡಿನಲ್ಲಿ ಜಮೀನಿಗಾಗಿ ಪ್ರಾಣಬಿಟ್ಟ ರೈತ ಮಹಿಳೆ ಮತ್ತು ಆಕೆಯ ಮಕ್ಕಳು.'

ಬರವಂತೆ. ಅವ್ವನ ಮುಖದ ಮೇಲಿನ ಮಳೆಹನಿಗಳನ್ನು ಎಣಿಸಬಹುದಿತ್ತು. ರೈತ ಮಹಿಳೆಯಂತೆ. ಒಂದು ಗೇಣು ನೆಲ ಇಲ್ಲದೆ, ಹೂಳಲಿಕ್ಕೂ ಜಾಗ ಸಿಗದೆ ರಸ್ತೆಗೆ ಬಂದವಳು ರೈತ ಮಹಿಳೆ. ನಮ್ಮ ಜಾತಿ ಎಲ್ಲಿ? ಪಾಟೀಲನ ತಂತಿ ಎಲ್ಲಿ? ಮಣ್ಣು ಕೊಡ್ರಿ ಅಂದರೆ ಏನೆಂದು ತಾಯಿಯ ಬಾಯಿಂದಲೇ ಕಲಿತವನು, ಹೊಲ ಕೊಡಿ ಎಂದು ಬರೆದಿದ್ದ.

ನಾನು ಫೋಟೋದ ಹತ್ತಿರ ಹೋದೆ. ಆಗ ಕಂಡಿತು. ಸಿದಿಗೆ ವಾಲಿದೆ. ಅವ್ವನ ಕಾಲು ಹೊರಗಿದೆ. ನಾನು ಬಟ್ಟೆ ಸರಿಸಿದಾಗ ಸಿದಿಗೆ ನೆಲಕ್ಕೆ ಸಪಾಟಾಗಿತ್ತು, ಕಾಲು ಒಳಗಿತ್ತು. ಸಿದಿಗೆ ವಾಲಿದ್ದು ಒಂದೇ ಗಳಿಗೆ, ಅದು ಅವನು ಒದ್ದ ಗಳಿಗೆ. ಎಡಗಡೆ ಕೆಳಗೆ ನೋಡಿದೆ. ಫೋಟೋ ಮುಗಿಯುವ ಅಂಚಿನಲ್ಲಿ, ಬಿದಿರಿನ ಗಳಕ್ಕೆ ಒತ್ತಿಕೊಂಡು ಒಂದು ಚಪ್ಪಲಿಯ ಮೂತಿ, ಅದರೊಳಗೆ ಒಂದು ಹೆಬ್ಬೆರಳು. ಮಣ್ಣಿಗೆ ಹೋಗುವವರು ಚಪ್ಪಲಿ ಮೆಟ್ಟುವುದಿಲ್ಲ. ನಮ್ಮವರೆಲ್ಲ ಬರಿಗಾಲಲ್ಲಿದ್ದೆವು. ಅದು ಪಾಟೀಲನ ಕಾಲು. ಫೋಟೋ ಮಬ್ಬಾಗಿರಲಿಲ್ಲ, ಅಳಿಸಿರಲಿಲ್ಲ. ಕತ್ತರಿಸಿದ್ದ. ಪಾಟೀಲನನ್ನು ತಲೆಯಿಂದ ಪಾದದವರೆಗೆ ಕತ್ತರಿಸಿ ತೆಗೆದು, ನನ್ನ ತಮ್ಮನ ಕೈಗಳನ್ನು ಮಾತ್ರ ಬಿಟ್ಟಿದ್ದ. ಆ ಕೈಗಳು ಅವ್ವನನ್ನು ಹಿಡಿಯುತ್ತಿದ್ದವು. ಒದ್ದವನು ಇಲ್ಲದ ಮೇಲೆ ಅವು ಕೆಡವುವ ಕೈಗಳಾಗಿದ್ದವು.

ಋಷಿಕೇಶ ನಗುತ್ತ ಬಂದು ಕಾಲು ಮುಟ್ಟಲು ಬಗ್ಗಿದ. ಹಿಂದೆ ಸರಿದೆ.

"ಇದು ಒದ್ದಾಗಿಂದು ಫೋಟೋ ಅಲ್ಲೇನೋ?"

ಅವನು ನಾನು ಬೆರಳಿಟ್ಟ ಜಾಗ ನೋಡಿದ. ನಗು ಹೋಯಿತು.

"ಅಕ್ಕಾ, ಅದು ಫ್ರೇಮಿಗಿ ಬೇಕಾಗಿದ್ದಿಲ್ಲ. ಆ ಮನಷ್ಯಾ ಬಂದ್ರ ನೋಡವರ ಲಕ್ಷ್ಯ ಅತ್ಲಾಗ ಹೋಗ್ತದ. ನಿಮ್ಮ ನೋವು ಕಾಣಂಗಿಲ್ಲ."

"ಆ ಮನಷ್ಯಾ ಬಂದದ್ದಕ್ಕೇ ನಮಗ ನೋವು ಬಂತಲ್ಲೋ!"

ಯೋಗಿತಾ ನಡುವೆ ಬಂದಳು. ಪೂರ್ತಿ ಫೋಟೋ ಗುರುವಾರ ಕೋರ್ಟಿಗೆ ಕೊಡಬೇಕು ಎಂದು ಮರಾಠಿಯಲ್ಲಿ ಗಟ್ಟಿಯಾಗಿ ಹೇಳಿದಳು. ಅವನು ಸುತ್ತ ನೋಡಿ ದನಿ ತಗ್ಗಿಸಿದ.

"ಉಳಿದಿಲ್ಲರಿ. ಖರೇ ಹೇಳ್ತೀನಿ, ಉಳಿದಿಲ್ಲ. ನಮ್ಮ ತಂಗಿಗಿ ಆ ಮನಿಗೇ ಕೊಟ್ಟೀವಿ. ಪಾಟೀಲರ ಮಗನಿಗಿ. ನಾ ಕೋರ್ಟಿನಾಗ ನಿಂತ್ರ ಆಕಿ ಬಾಳ್ವಿ ಏನಾಗಬೇಕು? ನೀವೇ ಹೇಳ್ರಿ ಅಕ್ಕಾ."

ಮೂರು ವರ್ಷ. ನಮ್ಮ ಮನೆಯಲ್ಲಿ ಉಂಡು ಕೈ ತೊಳೆದು, ಅವನು ನೆಂಟರ ಮನೆಗೆ ಹೋಗುತ್ತಿದ್ದ. ಅದನ್ನು ಒಂದು ದಿನವೂ ಹೇಳಲಿಲ್ಲ. ಅವನ ತಂಗಿಯ ಬಾಳು ಬಾಳು. ನನ್ನ ತಮ್ಮನದು ಫೋಟೋ.

ಮೈಕಿನಲ್ಲಿ ನನ್ನ ಹೆಸರು ಕರೆದರು. ಪಂಡಿತ ನನ್ನ ಸೆರಗು ಹಿಡಿದ. "ಸಿಟ್ಟಿಗಿ ಬರಬ್ಯಾಡ" ಎಂದ. ನಾನು ಸ್ಟೇಜು ಹತ್ತಿದೆ. ಪ್ರಿನ್ಸಿಪಾಲರು ನನ್ನನ್ನು ಮಣ್ಣಿನ ಮಗಳು ಎಂದು ಹೊಗಳಿ, ಹೆಗಲಿಗೆ ಶಾಲು ಹಾಕಿ, ಎರಡು ಮಾತು ಆಡಿ ಎಂದರು. ಋಷಿಕೇಶ ಕೆಳಗೆ ಕೈ ಜೋಡಿಸಿ ನಿಂತಿದ್ದ. ಬೇಡ ಎನ್ನುತ್ತಿದ್ದನೋ, ನಮಸ್ಕಾರವೋ, ಯಾರಿಗೆ ಗೊತ್ತು.

"ಉದಗೀರದಾಗ ಕನ್ನಡಾ ಬರವರು ಬಾಳ ಮಂದಿ ಅದೀರಿ. ಕೇಳ್ರಿ. ನಾವು ಹೊಲಾ ಕೇಳಲಿಕ್ಕ ಬಂದಿದ್ದಿಲ್ಲ. ನಮ್ಮ ಅವ್ವಗ ಮಣ್ಣು ಕೊಡ್ಲಿಕ್ಕ ಜಾಗಾ ಕೇಳಿದ್ದೆವು. ನಮ್ಮ ಜಾತಿ ನೋಡಿ ತಂತಿ ಬಡದಾರ. ಆ ಫೋಟೋದಾಗ ಒಬ್ಬಂವ ಕಡಿಮಿ ಅದಾನ. ಅವ್ವನ ಸಿದಿಗಿ ಒದ್ದಂವ. ಅಂವನ ಹೆಸರು ಶಿವರಾಯ ಪಾಟೀಲ. ಈ ಋಷಿಕೇಶ ಅಂವನಿಗಿ ಕತ್ತರಿಸಿ ತೆಗದಾನ. ತಂಗಿ ಮಾಂವ ಅಂತ ತೆಗದಾನ!"

ಮೈಕು ಆರಿಸಿದರು. ನಾನು ನಿಲ್ಲಿಸಲಿಲ್ಲ. ಕುಣಿಯೊಳಗಿಂದ ಮೇಲಿನವರಿಗೆ ಕೂಗಿ ಕೂಗಿ ಬೆಳೆದ ಗಂಟಲು ಇದು, ಮೈಕು ಬೇಕಿಲ್ಲ. "ಅವ್ವನ ಮಾರಿ ನಾನೇ ತೆರದೀನಿ. ಇಂವಾ ಹೇಳ್ದ, ತೆರದೀನಿ. ಆ ತಪ್ಪು ನಂದು. ಇನ್ನ ಯಾರೂ ನೋಡಬ್ಯಾಡ್ರಿ." ಕೆಳಗಿಳಿದು ಹೆಗಲ ಶಾಲನ್ನು ಫೋಟೋದ ಮೇಲೆ ಹಾಕಿದೆ. ಗಾಜಿನ ಮೇಲೆ ಅದು ನಿಲ್ಲಲಿಲ್ಲ, ಜಾರಿ ಬಿತ್ತು. ಮತ್ತೆ ಹಾಕಿದೆ, ಮತ್ತೆ ಬಿತ್ತು. ಜನ ಮೊಬೈಲು ಎತ್ತಿ ಹಿಡಿದಿದ್ದರು. ಋಷಿಕೇಶನ ಕೈ ತಾನಾಗಿಯೇ ಕ್ಯಾಮೆರಾಕ್ಕೆ ಹೋಗಿ ಕಣ್ಣಿನವರೆಗೆ ಏರಿತ್ತು.

"ತೆಗೀರಿ ಸರ್" ಎಂದೆ.

ಮೂರು ವರ್ಷದಲ್ಲಿ ಮೊದಲ ಸಲ ಸರ್ ಅಂದಿದ್ದೆ. ಅವನ ಮುಖ ಕಪ್ಪಿಟ್ಟಿತು. ಕ್ಯಾಮೆರಾ ಇಳಿಯಿತು. ಕಾಲೇಜಿನ ಜವಾನನೊಬ್ಬ ಬಂದು ಶಾಲನ್ನು ಎತ್ತಿ, ಕೊಡವಿ, ಮಡಚಿ ನನ್ನ ಕೈಗೆ ಕೊಟ್ಟ. ನಾನು ಅದನ್ನು ಅಲ್ಲೇ ಕುರ್ಚಿಯ ಮೇಲೆ ಬಿಟ್ಟು ಹೊರಗೆ ಬಂದೆ. ಊರಿಗೆ ಬಸ್ಸಿನಲ್ಲಿ ಹೋದೆವು. ಪಂಡಿತ ದಾರಿಯುದ್ದಕ್ಕೂ ನನ್ನ ಕೈ ಬಿಡಲಿಲ್ಲ.

ಯೋಗಿತಾ ಆ ಚಪ್ಪಲಿಯ ಮೂತಿಯನ್ನು ತನ್ನ ಮೊಬೈಲಿನಲ್ಲಿ ತೆಗೆದುಕೊಂಡಿದ್ದಳು. ಗುರುವಾರ ಕೋರ್ಟಿನಲ್ಲಿ ತೋರಿಸಿದಳು. ಇದು ಯಾರ ಕಾಲು ಎಂದು ಜಡ್ಜ್ ಸಾಹೇಬರು ಕೇಳಿದರು. ಶಿವರಾಯ ಪಾಟೀಲನದು ಎಂದಳು. ಬೆರಳು ನೋಡಿ ಹೆಸರು ಹೇಳಲಿಕ್ಕಾಗುತ್ತದೆಯೇ, ಪೂರ್ತಿ ಫೋಟೋ ಎಲ್ಲಿ ಎಂದು ಕೇಳಿದರು. ಯೋಗಿತಾ ಬಹಳ ಹೊತ್ತು ವಾದ ಮಾಡಿದಳು. ಅವಳ ಕುತ್ತಿಗೆಯ ನರ ಉಬ್ಬಿತ್ತು. ಜಾಮೀನು ಸಿಗಲಿಲ್ಲ, ಮುಂದಿನ ತಾರೀಖು ಕೊಟ್ಟರು.

ದಿಗಂಬರನನ್ನು ಪೊಲೀಸ್ ವ್ಯಾನಿಗೆ ಹತ್ತಿಸಿದ್ದರು. ನಾನು ಓಡಿಹೋಗಿ ಕಿಟಕಿಯ ಜಾಲರಿಗೆ ಮುಖ ಹಚ್ಚಿ ನಿಂತೆ. ಅವನ ಕೆನ್ನೆಗಳು ಒಳಗೆ ಹೋಗಿದ್ದವು. ಒಳಗೆ ಕೋರ್ಟಿನಲ್ಲಿ ನಡೆದದ್ದೆಲ್ಲ ಮರಾಠಿಯಲ್ಲಿ, ಇಂಗ್ಲಿಷಿನಲ್ಲಿ. ಹಿಂದೆ ಪೊಲೀಸರ ನಡುವೆ ನಿಂತಿದ್ದ ಅವನಿಗೆ ಏನೂ ತಿಳಿದಿರಲಿಲ್ಲ.

"ಅಕ್ಕಾ, ಉದಗೀರಕ್ಕ ಹೋಗಿದ್ದಿ ಅಂತ ಅಲ್ಲ? ಆ ಫೋಟೋ ಸಿಕ್ಕಿತೇನು?"

"ಸಿಕ್ಕದ."

ಅವನು ಎರಡೂ ಕೈಯಿಂದ ಜಾಲರಿ ಹಿಡಿದ. "ಖರೇನಾ? ಎಲ್ಲಾರೂ ಅದೀವೇನು ಅದರಾಗ?"

ವ್ಯಾನು ಚಾಲೂ ಆಯಿತು. ಗಟ್ಟಿಯಾಗಿ ಹೇಳಬೇಕಾಯಿತು.

"ಅವ್ವ ಅದಾಳ. ನಾ ಅದೀನಿ. ನೀ ಅದಿ. ಒದ್ದಂವ ಒಬ್ಬನೇ ಇಲ್ಲ."